ಹಳದಿಗೆ ಬಿಳಿ ಬೆರೆಸಿದರೆ ಕೆಂಪು ಎಂದ ಮಗುವಿಗೆ ಏನು ಹೇಳಲಿ? (ಒಂದರಿಂದ ಮೂರನೇ ತರಗತಿಯ ಬಣ್ಣದ ಪಾಠ)

ಪ್ರಶ್ನೆ: ನಲಿ-ಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ. ಹಾಡು, ಆಟ, ಚಿತ್ರ ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕು. ಊರಿನ ದಾನಿಯೊಬ್ಬರು ಈ ವರ್ಷ ಪೋಸ್ಟರ್ ಬಣ್ಣದ ಬಾಟಲಿಗಳನ್ನೂ ಗೋಡೆಗೆ ತೂಗುಹಾಕುವ ವರ್ಣಚಕ್ರದ ದೊಡ್ಡ ಪಟವನ್ನೂ ಕೊಡಿಸಿದ್ದಾರೆ. ಸಿಕ್ಕಿದ್ದನ್ನು ಸರಿಯಾಗಿ ಬಳಸಬೇಕೆಂಬ ಆಸೆ ನನ್ನದು.

ಪಟ ತೋರಿಸಿ, ಮೂಲ ಬಣ್ಣ ಮೂರು, ಅವುಗಳಿಂದ ಉಳಿದವು ಹುಟ್ಟುತ್ತವೆ ಎಂದು ಹೇಳಿಕೊಟ್ಟೆ. ಬಿಳಿ ಬೆರೆಸಿದರೆ ಯಾವ ಬಣ್ಣವೂ ತಿಳಿಯಾಗುತ್ತದೆ ಎಂದೂ ಹೇಳಿದೆ. ಆಗ ಎರಡನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಇಲ್ಲ ಅಕ್ಕೋರೇ, ಹಳದಿಗೆ ಬಿಳಿ ಹಾಕಿದರೆ ಕೆಂಪಾಗುತ್ತದೆ. ನಮ್ಮ ಅವ್ವ ಆರತಿಗೆ ಅರಿಸಿನಕ್ಕೆ ಸುಣ್ಣ ಹಾಕಿ ಓಕುಳಿ ಮಾಡುತ್ತಾಳೆ" ಎಂದಳು. ಉಳಿದ ಮಕ್ಕಳೂ ಹೌದು ಹೌದು ಎಂದರು. ಅವಳು ಹೇಳಿದ್ದು ಕಣ್ಣಾರೆ ಕಂಡದ್ದು. ಪಟದಲ್ಲಿರುವುದು ಅಚ್ಚಾದದ್ದು. ಸುಮ್ಮನೆ ಕೂರು ಎನ್ನಲು ನನಗೆ ಮನಸ್ಸಿಲ್ಲ. ನಾಳೆ ನೋಡೋಣ ಎಂದಿದ್ದೇನೆ.

ಇನ್ನೊಂದು ತೊಡಕಿದೆ. ಕೆಂಪು, ನೀಲಿ ಸೇರಿದರೆ ನೇರಳೆ ಎಂದು ಪಟದಲ್ಲಿದೆ. ಮಕ್ಕಳು ಬೆರೆಸಿದಾಗ ಪ್ರತಿ ಬಾರಿಯೂ ಕೆಸರಿನಂಥ ಕಂದು ಬಂತು. ಬಾಟಲಿಗಳ ಮೇಲೆ ವರ್ಮಿಲಿಯನ್, ಪ್ರಷ್ಯನ್ ಬ್ಲೂ ಎಂದು ಬರೆದಿದೆ.

ಕೊನೆಯದಾಗಿ, ಮೂರನೇ ತರಗತಿಯ ಒಬ್ಬ ಹುಡುಗ ಮರದ ಕಾಂಡಕ್ಕೂ ಎಲೆಗೂ ಒಂದೇ ಬಣ್ಣ ಬಳಿಯುತ್ತಾನೆ. ಬಹಳ ಚುರುಕಾದ ಹುಡುಗ, ಗಣಿತದಲ್ಲಿ ಎಲ್ಲರಿಗಿಂತ ಮುಂದೆ. ಅವನಿಗೆ ಬಣ್ಣದ ಹೆಸರು ಗೊತ್ತಿಲ್ಲವೋ, ಬೇರೆ ಕಾರಣವಿದೆಯೋ ತಿಳಿಯುತ್ತಿಲ್ಲ.

ಚಿಕ್ಕ ಮಕ್ಕಳಿಗೆ ಬಣ್ಣದ ಪಾಠ ಮಾಡಿ ಅನುಭವವಿರುವವರು ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಫ್‌ಸೆಟ್ ಮುದ್ರಕ, ಗದಗ

ಟೀಚರ್, ನಿಮ್ಮ ನೇರಳೆಯ ತೊಡಕಿಗೆ ಮಾತ್ರ ಉತ್ತರ ಹೇಳುತ್ತೇನೆ. ನಮ್ಮ ದಿನದ ಕೆಲಸವೇ ಅದು.

ನಿಮ್ಮ ಮಕ್ಕಳ ಕೈಯಲ್ಲಿ ತಪ್ಪಿಲ್ಲ. ವರ್ಮಿಲಿಯನ್ ಎಂಬುದು ಕಿತ್ತಳೆಯ ಕಡೆಗೆ ವಾಲಿದ ಕೆಂಪು. ಪ್ರಷ್ಯನ್ ಬ್ಲೂ ಹಸಿರಿನ ಕಡೆಗೆ ವಾಲಿದ ನೀಲಿ. ಒಂದು ಬಣ್ಣ ನುಂಗದೆ ಬಿಟ್ಟ ಬೆಳಕನ್ನು ಇನ್ನೊಂದು ನುಂಗುತ್ತದೆ. ಎರಡೂ ಬಿಟ್ಟುಕೊಡುವ ಬೆಳಕು ಉಳಿಯುವುದು ತೀರ ಕಡಿಮೆ, ಹಾಗಾಗಿ ಕಂದು. ಕ್ರಿಮ್ಸನ್ ಬಾಟಲಿಯೂ ಅಲ್ಟ್ರಾಮರೀನ್ ಬಾಟಲಿಯೂ ಇದ್ದರೆ ಅವೆರಡನ್ನು ಬೆರೆಸಿ ನೋಡಿ. ಕ್ರಿಮ್ಸನ್ನಿನಲ್ಲಿ ನೀಲಿಯ ಛಾಯೆ ಇದೆ, ಅಲ್ಟ್ರಾಮರೀನ್‌ನಲ್ಲಿ ಕೆಂಪಿನ ಛಾಯೆ ಇದೆ. ನೇರಳೆ ಬರುತ್ತದೆ. ತುಂಬಾ ಗಾಢವಾಗಿ ಕಪ್ಪಿನಂತೆ ಕಂಡರೆ ಚೂರು ಬಿಳಿ ಹಾಕಿ, ಒಳಗಿರುವ ನೇರಳೆ ತಾನಾಗಿ ಹೊರಗೆ ಬರುತ್ತದೆ.

ಅಚ್ಚುಮನೆಯಲ್ಲಿ ನಾವು ಕೆಂಪು-ನೀಲಿಯಿಂದ ಶುರು ಮಾಡುವುದೇ ಇಲ್ಲ. ಸಯಾನ್ (ಹಸಿರಿನ ಕಡೆಗೆ ವಾಲಿದ ತಿಳಿ ನೀಲಿ), ಮೆಜೆಂಟಾ, ಹಳದಿ, ಜೊತೆಗೆ ಕಪ್ಪು. ಮೆಜೆಂಟಾ ಎಂದರೆ ಸೀರೆ ಅಂಗಡಿಯಲ್ಲಿ ರಾಣಿ ಬಣ್ಣ ಎನ್ನುತ್ತಾರಲ್ಲ, ಅದಕ್ಕೆ ಹತ್ತಿರ. ನಮಗೆ ಅಪ್ಪಟ ಕೆಂಪು ಬೇಕಾದರೆ ಮೆಜೆಂಟಾದ ಮೇಲೆ ಹಳದಿ ಹೊಡೆಯುತ್ತೇವೆ. ಬಣ್ಣದಲ್ಲಿ ಅಚ್ಚಾದ ದಿನಪತ್ರಿಕೆಯ ಪುಟದ ಅಂಚಿನಲ್ಲಿ ಈ ನಾಲ್ಕು ಬಣ್ಣಗಳ ಸಣ್ಣ ಚುಕ್ಕೆಗಳು ಸಾಲಾಗಿರುತ್ತವೆ, ಮಕ್ಕಳಿಗೆ ತೋರಿಸಿ. ಶಾಲೆಯಲ್ಲಿ ಭೂತಗನ್ನಡಿ ಇದ್ದರೆ ಅದೇ ಪುಟದ ಒಂದು ಫೋಟೋ ಮೇಲೆ ಇಟ್ಟು ನೋಡಲು ಹೇಳಿ. ಮುಖದ ಬಣ್ಣ ಎಂದುಕೊಂಡದ್ದು ಬರೀ ಚುಕ್ಕೆಗಳ ರಾಶಿ ಎಂದು ಕಂಡಾಗ ಮಕ್ಕಳು ಪತ್ರಿಕೆಯನ್ನು ಕೈಯಿಂದ ಬಿಡುವುದಿಲ್ಲ.

ಉತ್ತರ: ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಮೈಸೂರು

ನಿಮ್ಮ ವಿದ್ಯಾರ್ಥಿನಿಗೆ ನನ್ನ ಪರವಾಗಿ ಶಾಭಾಷ್ ಹೇಳಿ, ಮೇಡಂ. ಪಟವನ್ನು ನಂಬದೆ ತಾನು ಕಂಡದ್ದನ್ನು ಮುಂದಿಟ್ಟಿದ್ದಾಳೆ.

ಅವಳು ಕಂಡದ್ದು ನಿಜ. ಆದರೆ ಓಕುಳಿ ಕೆಂಪಾಗುವುದಕ್ಕೂ ಸುಣ್ಣ ಬಿಳಿಯಾಗಿರುವುದಕ್ಕೂ ಸಂಬಂಧವಿಲ್ಲ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತುವಿಗೆ ಸುಣ್ಣ, ಸೋಪಿನಂಥವುಗಳಲ್ಲಿರುವ ಕ್ಷಾರ ತಗಲಿದಾಗ ಅದರ ಅಣುವಿನ ರಚನೆಯೇ ಬದಲಾಗುತ್ತದೆ. ಹಳದಿಯಾಗಿದ್ದದ್ದು ಕೆಂಗಂದು ಆಗುತ್ತದೆ. ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಹಳದಿ ಕಲೆ ಕೆಂಪಾಗುವುದೂ ಇದರಿಂದಲೇ. ಬಾಟಲಿಯ ಬಿಳಿ ಬಣ್ಣ ಅಂಥ ಕೆಲಸವನ್ನೇನೂ ಮಾಡುವುದಿಲ್ಲ. ಹಳದಿಯ ಕಣ ಹಳದಿಯಾಗಿಯೇ, ಬಿಳಿಯ ಕಣ ಬಿಳಿಯಾಗಿಯೇ ಪಕ್ಕಪಕ್ಕದಲ್ಲಿ ಉಳಿಯುತ್ತವೆ. ನಮ್ಮ ಕಣ್ಣಿಗೆ ಎರಡೂ ಸೇರಿ ತಿಳಿ ಹಳದಿ ಎನಿಸುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಆರು ವರ್ಷದ ಮಗುವಿಗೆ ಏನೂ ಸಿಗುವುದಿಲ್ಲ. ಮಾಡಿ ತೋರಿಸಿದರೆ ಪೂರ್ತಿ ಸಿಗುತ್ತದೆ. ಹಿಂದಿನ ರಾತ್ರಿಯೇ ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ ಇಡಿ. ಬೆಳಿಗ್ಗೆ ಮೇಲೆ ನಿಂತ ತಿಳಿನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ. ಕುಡಿಯುವ ನೀರಿನಷ್ಟೇ ತಿಳಿಯಾಗಿರುತ್ತದೆ. ಇನ್ನೊಂದು ಬಟ್ಟಲಿನಲ್ಲಿ ಅಕ್ಕಿ ಹಿಟ್ಟು ಕದಡಿದ ನೀರು ಇರಲಿ, ಬೆಳ್ಳಗೆ. ಈಗ ಮಕ್ಕಳನ್ನೇ ಕೇಳಿ: ಅರಿಸಿನದ ನೀರನ್ನು ಯಾವುದಕ್ಕೆ ಹಾಕಿದರೆ ಕೆಂಪಾಗುತ್ತದೆ? ಎಲ್ಲರೂ ಬಿಳಿ ಬಟ್ಟಲಿನ ಕಡೆಗೇ ಕೈ ತೋರಿಸುತ್ತಾರೆ. ಹಾಕಿ ನೋಡಿ. ಅಕ್ಕಿ ಹಿಟ್ಟಿನಲ್ಲಿ ತಿಳಿ ಹಳದಿ. ಬಣ್ಣವೇ ಇಲ್ಲದ ನೀರಿನಲ್ಲಿ ಕೆಂಪು. ಬಿಳಿ ಇದ್ದಲ್ಲಿ ಕೆಂಪಾಗಲಿಲ್ಲ, ಬಿಳಿ ಇಲ್ಲದಲ್ಲಿ ಕೆಂಪಾಯಿತು. ಅಲ್ಲಿಗೆ ಮಕ್ಕಳೇ ತೀರ್ಪು ಕೊಡುತ್ತಾರೆ.

ಆಮೇಲೆ ಕೆಂಪಾದ ಲೋಟಕ್ಕೆ ನಿಂಬೆ ಹಿಂಡಿ. ಮರಳಿ ಹಳದಿಯಾಗುತ್ತದೆ. ಹಳದಿಗೆ ನೀಲಿ ಬೆರೆಸಿ ಮಾಡಿದ ಹಸಿರಿಗೆ ಎಷ್ಟು ನಿಂಬೆ ಹಿಂಡಿದರೂ ಹಳದಿ ವಾಪಸ್ ಬರುವುದಿಲ್ಲ. ಬೆರೆಯುವುದು ಬೇರೆ, ಬದಲಾಗುವುದು ಬೇರೆ ಎಂಬುದನ್ನು ತಿಳಿಯಲು ಈ ವಯಸ್ಸಿಗೆ ಇಷ್ಟು ಸಾಕು. ಬೇಲಿಯ ಮೇಲೆ ಶಂಖಪುಷ್ಪ ಇದ್ದರೆ ಅದನ್ನೂ ಬಿಸಿನೀರಿನಲ್ಲಿ ನೆನೆಸಿ ತನ್ನಿ. ಆ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ, ಸೋಪಿನ ನೀರು ಹಾಕಿದರೆ ಹಸಿರಿನ ಕಡೆಗೆ ತಿರುಗುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಸುಣ್ಣವನ್ನೂ ಅದರ ತಿಳಿನೀರನ್ನೂ ನೀವೇ ಸುರಿಯಿರಿ, ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳೇ ಮಾಡಬೇಕೆಂದರೆ ಅರಿಸಿನ ಬಳಿದು ಒಣಗಿಸಿದ ಕಾಗದ ಕೊಟ್ಟು, ಬಟ್ಟೆ ಸೋಪನ್ನು ಒದ್ದೆ ಮಾಡಿ ಅದರ ಮೇಲೆ ಚಿತ್ರ ಬರೆಯಲು ಹೇಳಿ. ಸೋಪು ನೀಲಿಯಾಗಿದ್ದರೂ ಗೆರೆ ಕೆಂಪಾಗಿಯೇ ಮೂಡುತ್ತದೆ. ಇದೂ ಅವರಿಗೆ ಒಂದು ಸಾಕ್ಷಿ.

ಹೂವಿನ ಬಣ್ಣವೆಂದರೆ ಮಕ್ಕಳಾಟ ಎನ್ನುವವರು ಸಿಕ್ಕರೆ ಸರ್ ಸಿ. ವಿ. ರಾಮನ್ ಅವರನ್ನು ನೆನಪಿಸಿ. 1930ರಲ್ಲಿ ನೊಬೆಲ್ ಪಡೆದವರು, 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದವರು, ಇಳಿವಯಸ್ಸಿನಲ್ಲಿ ಹೂಗಳ ಬಣ್ಣವನ್ನೂ ಕಣ್ಣು ಬಣ್ಣ ಕಾಣುವ ಬಗೆಯನ್ನೂ ಹಿಡಿದು ಕುಳಿತಿದ್ದರು.

ಉತ್ತರ: ನಿವೃತ್ತ ಚಿತ್ರಕಲಾ ಶಿಕ್ಷಕ, ಸಾಗರ

ಅರಿಸಿನದ ವಿಷಯವನ್ನು ಮೈಸೂರಿನ ಗುರುಗಳು ತಿಳಿಯಾಗಿ ಹೇಳಿದ್ದಾರೆ. ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದಿರಲ್ಲ ತಾಯಿ, ಅದಕ್ಕೆ ನನ್ನ ಉತ್ತರ ಸ್ವಲ್ಪ ದೀರ್ಘ. ಉದ್ಯೋಗವಿಡೀ ಮಲೆನಾಡಿನ ಶಾಲೆಗಳಲ್ಲಿ ಇದೇ ಕೆಲಸ ಮಾಡಿದವನು.

ಮೊದಲು ಆ ಪಟವನ್ನು ಸುತ್ತಿ ಬೀರುವಿನ ಮೇಲಿಡಿ. ಪಟದ ಮೇಲೆ ನನಗೆ ಸಿಟ್ಟಿಲ್ಲ. ಬಣ್ಣಗಳನ್ನು ಚಕ್ರವಾಗಿ ಬಗ್ಗಿಸಿ ತೋರಿಸಿದ ನ್ಯೂಟನ್ 1704ರಲ್ಲಿ ಅದನ್ನು ಪ್ರಕಟಿಸಿದ್ದು ವಿದ್ವಾಂಸರಿಗಾಗಿ. ಕೆಂಪು, ಹಳದಿ, ನೀಲಿಯನ್ನು ನಡುವಿನಲ್ಲಿಟ್ಟು ಸುತ್ತ ಹನ್ನೆರಡು ಮನೆಗಳ ಚಕ್ರವನ್ನು ಜನಪ್ರಿಯಗೊಳಿಸಿದ ಯೋಹಾನ್ನೆಸ್ ಇಟ್ಟೆನ್ 1919ರಿಂದ ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಪಾಠ ಮಾಡಿದ್ದು ಪ್ರಾಯಕ್ಕೆ ಬಂದ ವಿದ್ಯಾರ್ಥಿಗಳಿಗೆ. ಅವರಿಗೆ ಬಣ್ಣ ಬೆರೆಸಿದ ಅನುಭವ ಮೊದಲೇ ಇತ್ತು, ಆ ಅನುಭವವನ್ನು ಒಂದೆಡೆ ಜೋಡಿಸಿಕೊಳ್ಳಲು ಚಕ್ರ ಬೇಕಿತ್ತು. ಆರು ವರ್ಷದ ಮಗುವಿಗೆ ಜೋಡಿಸಲು ಇನ್ನೂ ಏನೂ ಇಲ್ಲ. ಉತ್ತರವನ್ನು ಮೊದಲೇ ಗೋಡೆಗೆ ಅಂಟಿಸಿದರೆ ಅದು ಪ್ರಶ್ನೆ ಕೇಳುವುದನ್ನೇ ಬಿಡುತ್ತದೆ. ನಿಮ್ಮ ಹುಡುಗಿ ಬಿಟ್ಟಿಲ್ಲ, ಅದು ನಿಮ್ಮ ತರಗತಿಯ ಪುಣ್ಯ.

ನಮ್ಮ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ನಾಲ್ಕೇ ಬಣ್ಣ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬೆರಕೆ ಇಲ್ಲ. ಗಾಢವಾದ ನೆಲದ ಮೇಲೆ ತಿಳಿಯಾದ ಗೆರೆ ಎದ್ದು ನಿಲ್ಲುವುದನ್ನು ನೋಡುತ್ತ ಅಲ್ಲಿನ ಮಕ್ಕಳು ಬೆಳೆಯುತ್ತಾರೆ. ನಾನು ಪಾಠದ ಕ್ರಮ ಕಲಿತದ್ದು ಆ ಗೋಡೆಗಳ ಮುಂದೆ. ತಿಳಿ ಮತ್ತು ಗಾಢ ಮೊದಲು, ಬೆರಕೆ ಆಮೇಲೆ, ಹೆಸರುಗಳು ಎಲ್ಲಕ್ಕಿಂತ ಕೊನೆಗೆ.

ಹಾಗಾಗಿ ಮೊದಲ ಪಾಠಕ್ಕೆ ಬಾಟಲಿ ತೆರೆಯಲೇಬೇಡಿ. ಮಕ್ಕಳನ್ನು ಹೊರಗೆ ಕಳುಹಿಸಿ, ಕೆಳಗೆ ಬಿದ್ದ ಎಲೆ, ಕಿತ್ತ ಎಲೆ, ಚಿಗುರು, ಹಣ್ಣೆಲೆ ಎಲ್ಲವನ್ನೂ ತರಲಿ. ಜಗಲಿಯ ಮೇಲೆ ತಿಳಿಯಾದದ್ದರಿಂದ ಗಾಢವಾದದ್ದರವರೆಗೆ ಸಾಲಾಗಿ ಜೋಡಿಸಲಿ. ಜಗಳ ಆಗುತ್ತದೆ. ಹುಣಸೆ ಎಲೆ ಮುಂದೋ, ಬೇವಿನ ಎಲೆ ಮುಂದೋ ಎಂದು ಇಬ್ಬರು ಎಳೆದಾಡುತ್ತಾರೆ. ಆಗಲಿ. ಕಣ್ಣನ್ನು ಅರ್ಧ ಮುಚ್ಚಿ ನೋಡಲು ಹೇಳಿಕೊಡಿ, ಯಾವುದು ಗಾಢ ಎಂದು ಬೇಗ ಗೊತ್ತಾಗುತ್ತದೆ. ಮಾವಿನ ಚಿಗುರು ಬಂದಾಗ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ, ಏಕೆಂದರೆ ಅದು ಹಸಿರೇ ಅಲ್ಲ, ತಾಮ್ರದ ಬಣ್ಣ. ಅದನ್ನು ಎಲ್ಲಿಡಬೇಕು ಎಂಬುದನ್ನು ನೀವು ಹೇಳಬೇಡಿ.

ನನ್ನ ಮಟ್ಟಿಗೆ ಬಣ್ಣದ ಪಾಠದ ಜೀವ ಇರುವುದು ಮುಂದಿನ ಹಂತದಲ್ಲಿ. ಪ್ರತಿ ಮಗುವೂ ತನ್ನ ಸಾಲಿನಿಂದ ಒಂದು ಎಲೆಯನ್ನು ಆರಿಸಿಕೊಳ್ಳಲಿ. ನೀವು ಕೊಡುವುದು ಹಳದಿ, ನೀಲಿ ಎರಡೇ. ತಯಾರಾದ ಹಸಿರು ಬಾಟಲಿಯನ್ನು ಬಚ್ಚಿಡಿ. ಮಗು ಹಸಿರು ಬೆರೆಸಿ, ಅದರ ಒಂದು ಬೊಟ್ಟನ್ನು ಎಲೆಯ ಮೇಲೆಯೇ ಇಡಬೇಕು. ಕೈ ಚಾಚಿ ಎಲೆಯನ್ನು ಹಿಡಿದಾಗ ಬೊಟ್ಟು ಕಾಣದಂತಾದರೆ ಬಣ್ಣ ಸರಿಯಾಯಿತು. ಕಾಣುತ್ತಿದ್ದರೆ ಮತ್ತೆ ಬೆರೆಸಬೇಕು. ಇದಕ್ಕೆ ಶಿಕ್ಷಕರ ಒಪ್ಪಿಗೆ ಬೇಡ, ಅಂಕ ಬೇಡ. ಸರಿಯೋ ತಪ್ಪೋ ಎಲೆಯೇ ಹೇಳುತ್ತದೆ.

ಮೊದಲ ಬೊಟ್ಟು ಯಾವಾಗಲೂ ಗಿಳಿಹಸಿರಾಗಿ ಕಣ್ಣಿಗೆ ಹೊಡೆಯುತ್ತದೆ. ನೀಲಿ ಹೆಚ್ಚು ಮಾಡುತ್ತಾರೆ, ಗಾಢವಾಗುತ್ತದೆ, ಆದರೂ ಎಲೆಗಿಂತ ಹೊಳಪು ಜಾಸ್ತಿ. ಬಿಳಿ ಕೇಳುತ್ತಾರೆ, ಕೊಡಿ. ಸೀಮೆಸುಣ್ಣದ ಹಸಿರಿನಂತಾಗಿ ಇನ್ನೂ ದೂರ ಹೋಗುತ್ತದೆ. ಮಕ್ಕಳು ಸೋತು ಕೂತ ಹೊತ್ತಿನಲ್ಲಿ ಕೆಂಪಿನ ಬಾಟಲಿ ತೆರೆದು ಒಂದು ಚುಕ್ಕೆ ಮಾತ್ರ ಕೊಡಿ. ಹಸಿರಿಗೆ ಕೆಂಪೇ ಎಂದು ನಗುತ್ತಾರೆ. ಬೆರೆಸಿದ ಕೂಡಲೇ ಹಸಿರಿನ ಅಬ್ಬರ ಇಳಿಯುತ್ತದೆ, ಬೊಟ್ಟು ಎಲೆಯೊಳಗೆ ಕರಗುತ್ತದೆ. ಚಕ್ರದಲ್ಲಿ ಎದುರುಬದುರು ಕೂತ ಬಣ್ಣಗಳು ಒಂದನ್ನೊಂದು ತಣಿಸುತ್ತವೆ ಎಂದು ದೊಡ್ಡವರು ಬಾಯಿಪಾಠ ಮಾಡುವ ಮಾತನ್ನು ಆ ಮಗು ತನ್ನ ಬೆರಳಿನಿಂದ ಕಲಿತಿರುತ್ತದೆ.

ಹಳದಿಗೆ ಕಪ್ಪು ಬೆರೆಸುವುದನ್ನೂ ಮಾಡಿಸಿ. ಕೊಳಕು ಹಳದಿ ಬರುತ್ತದೆ ಎಂದುಕೊಂಡಿರುತ್ತಾರೆ, ಬರುವುದು ಆಲಿವ್ ಹಸಿರು. ಆ ಹೊತ್ತಿನ ಮಕ್ಕಳ ಮುಖ ನೋಡುವುದಕ್ಕಾಗಿಯೇ ನಾನು ಪ್ರತಿ ವರ್ಷ ಜೂನ್ ತಿಂಗಳಿಗೆ ಕಾಯುತ್ತಿದ್ದೆ.

ಕೆಲವು ಕೈಕೆಲಸದ ಮಾತುಗಳು. ತಿಳಿ ಬಣ್ಣಕ್ಕೆ ಗಾಢ ಬಣ್ಣವನ್ನು ಹನಿಹನಿಯಾಗಿ ಸೇರಿಸುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ನೀಲಿಗೆ ಹಳದಿ ಸುರಿಯುತ್ತ ಹೋದರೆ ಹಸಿರಾಗುವಷ್ಟರಲ್ಲಿ ಹಳದಿ ಬಾಟಲಿ ಮುಗಿದಿರುತ್ತದೆ. ಬಣ್ಣ ಬೆರೆಸಲು ಬಾಳೆ ಎಲೆ, ಮುತ್ತುಗದ ಎಲೆ ಬೇಡ. ಹಸಿರು ನೆಲದ ಮೇಲೆ ಯಾವ ಬಣ್ಣವೂ ತನ್ನಂತೆ ಕಾಣುವುದಿಲ್ಲ. ಮನೆ ಕಟ್ಟಿಸಿದವರ ಹತ್ತಿರ ಉಳಿದ ಬಿಳಿ ಟೈಲ್ಸ್ ಕೇಳಿ, ಒಡೆಯದವು. ತೊಳೆದರೆ ಮತ್ತೆ ಹೊಸದು. ಕುಂಚಕ್ಕೆ ಹಣವಿಲ್ಲದಿದ್ದರೆ ಕಡ್ಡಿಗೆ ಹತ್ತಿ ಸುತ್ತಿ ಕೊಡಿ, ಈ ಕೆಲಸಕ್ಕೆ ಅದೇ ಮೇಲು. ಒದ್ದೆ ಬಣ್ಣ ಒಣಗಿದ ಮೇಲೆ ಬೇರೆಯಾಗಿ ಕಾಣುತ್ತದೆ ಎಂದು ಮಕ್ಕಳೇ ಬಂದು ದೂರು ಹೇಳುವವರೆಗೆ ಕಾಯಿರಿ.

ಗದಗಿನವರು ಎರಡು ಕೆಂಪುಗಳ ಮಾತು ತೆಗೆದರು. ನಿಮ್ಮ ಜಿಲ್ಲೆಯಲ್ಲೇ ಬ್ಯಾಡಗಿ ಇದೆ, ಮೆಣಸಿನಕಾಯಿಯ ಕೆಂಪಿಗಾಗಿಯೇ ದೇಶವೆಲ್ಲ ಹುಡುಕಿಕೊಂಡು ಬರುವ ಊರು. ಒಂದು ಒಣ ಬ್ಯಾಡಗಿ ಮೆಣಸಿನಕಾಯಿ, ಒಂದು ದಾಸವಾಳ, ಒಂದು ಇಟ್ಟಿಗೆ ಚೂರು, ಒಂದು ಟೊಮೆಟೊ ಒಟ್ಟಿಗೆ ಇಡಿ. ನಾಲ್ಕನ್ನೂ ಕೆಂಪು ಎಂದೇ ಕರೆಯುತ್ತೇವೆ. ಯಾವುದು ಕಿತ್ತಳೆಯ ಕಡೆಗೆ ವಾಲಿದೆ, ಯಾವುದು ನೇರಳೆಯ ಕಡೆಗೆ ಎಂದು ಮಕ್ಕಳು ವಿಂಗಡಿಸಲಿ. ಅದಾದ ಮೇಲೆ ನೇರಳೆ ಬೆರೆಸಲು ಯಾವ ಕೆಂಪು ಬೇಕು ಎಂದು ಕೇಳಿದರೆ ಸರಿಯಾದ ಬಾಟಲಿಯನ್ನು ಅವರೇ ಎತ್ತಿಕೊಳ್ಳುತ್ತಾರೆ.

ಉತ್ತರ: ಯುಕೆಜಿ ಶಿಕ್ಷಕಿ, ಬೆಂಗಳೂರು

ಸಾಗರದ ಸರ್ ಹೇಳಿದ ಎಲೆಯ ಪಾಠ ಬಹಳ ಇಷ್ಟವಾಯಿತು. ಆದರೆ ಚಕ್ರವನ್ನು ಬೀರುವಿನ ಮೇಲಿಡಿ ಎಂಬುದನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಹೆಸರು ಬೇಕು. ಮೂಲ ಬಣ್ಣ, ಮಿಶ್ರ ಬಣ್ಣ ಎಂಬ ಮಾತು ಗೊತ್ತಿಲ್ಲದಿದ್ದರೆ ತಾವು ಏನು ಮಾಡಿದೆವು ಎಂದು ಮನೆಯಲ್ಲಿ ಹೇಳಲು ಅವರಿಗೆ ಬರುವುದಿಲ್ಲ. ನನ್ನ ತರಗತಿಯ ಪೋಷಕರು ವಾರಕ್ಕೊಮ್ಮೆ ಏನು ಕಲಿತಿರಿ ಎಂದು ಮಗುವನ್ನು ಕೇಳುತ್ತಾರೆ. ಗೋಡೆಯ ಮೇಲೆ ಚಕ್ರವಿದ್ದರೆ ಮಗು ಅದನ್ನು ತೋರಿಸಿ ಮಾತಾಡುತ್ತದೆ. ಸಂಕೋಚದ ಮಕ್ಕಳಿಗೆ ಅಂಥ ಆಸರೆ ಬೇಕೇ ಬೇಕು. ಅಲ್ಲದೆ ಇಡೀ ತರಗತಿಗೆ ಒಬ್ಬರೇ ಶಿಕ್ಷಕಿ ಇರುವಲ್ಲಿ ಪ್ರತಿ ಮಗುವಿನ ಬೊಟ್ಟನ್ನೂ ನೋಡುತ್ತ ಕೂರಲು ಸಮಯ ಎಲ್ಲಿದೆ?

ಉತ್ತರ: ನಿವೃತ್ತ ಚಿತ್ರಕಲಾ ಶಿಕ್ಷಕ, ಸಾಗರ

ಮೇಡಂ, ಸಂಕೋಚದ ಮಕ್ಕಳ ಬಗ್ಗೆ ನೀವು ಹೇಳಿದ್ದು ಸತ್ಯ, ಅದನ್ನು ತಲೆಯಲ್ಲಿಟ್ಟುಕೊಳ್ಳುತ್ತೇನೆ. ಆಸರೆ ಬೇಕು. ಅದು ಮಗು ತಾನೇ ಮಾಡಿದ್ದಾಗಿರಲಿ ಎಂದಷ್ಟೇ ನನ್ನ ವಾದ. ಮಕ್ಕಳು ಬೆರೆಸಿದ ಪ್ರತಿ ಬಣ್ಣವನ್ನೂ ಬಿಳಿ ಕಾಗದದ ಚೂರಿಗೆ ಬಳಿದು, ಒಣಗಿಸಿ, ಹಿಂಬದಿಯಲ್ಲಿ ಏನು ಬೆರೆಸಿದೆವು ಎಂದು ಬರೆದಿಡಲಿ. ತಿಂಗಳು ಕಳೆದ ಮೇಲೆ ಆ ಚೂರುಗಳನ್ನೆಲ್ಲ ನೆಲದ ಮೇಲೆ ಹರಡಿ, ಹತ್ತಿರದ ಬಣ್ಣಗಳನ್ನು ಹತ್ತಿರ ಇಡಲು ಹೇಳಿ. ಹಳದಿಯಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ, ನೀಲಿಯಿಂದ ನೇರಳೆಗೆ, ಕೆಂಪಿಗೆ, ಕಿತ್ತಳೆಗೆ, ಮತ್ತೆ ಹಳದಿಗೆ. ಸಾಲು ತಾನಾಗಿ ತಿರುಗಿ ಬಂದು ಕೂಡಿಕೊಳ್ಳುತ್ತದೆ. ಆ ದಿನ ಬೀರುವಿನ ಮೇಲಿನ ಪಟ ಇಳಿಸಿ ಪಕ್ಕದಲ್ಲಿ ತೂಗುಹಾಕಿ, ಹೆಸರುಗಳನ್ನೂ ಹೇಳಿಕೊಡಿ. ಕಂದು, ಬೂದು ಚೂರುಗಳು ಚಕ್ರದಲ್ಲಿ ಎಲ್ಲಿಗೂ ಸೇರದೆ ಮಿಕ್ಕುತ್ತವೆ. ಅವುಗಳಿಗೆ ನಡುವಿನಲ್ಲಿ ಜಾಗ ಕೊಡಿ.

ಸಮಯದ ಬಗ್ಗೆ ಕೇಳಿದಿರಿ. ಬೊಟ್ಟು ನೋಡಲು ಶಿಕ್ಷಕರು ಬೇಡ, ಪಕ್ಕದಲ್ಲಿ ಕೂತ ಮಗು ಸಾಕು. ನಲಿ-ಕಲಿಯಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿ ಇದ್ದೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಅದರ ಬಲವೇ ಅದು.

ಮಕ್ಕಳಿಗೆ ತುಂಬಾ ಹಿಡಿಸುವ ಇನ್ನೊಂದು ಪಾಠವಿದೆ, ಬಣ್ಣವೇ ಬೇಕಿಲ್ಲ. ಒಂದೇ ಬೂದು ರಟ್ಟಿನಿಂದ ಎರಡು ಸಣ್ಣ ಚೌಕಗಳನ್ನು ಕತ್ತರಿಸಿ. ಒಂದನ್ನು ಕಪ್ಪು ಕಾಗದದ ನಡುವೆ, ಇನ್ನೊಂದನ್ನು ಬಿಳಿ ಕಾಗದದ ನಡುವೆ ಇಡಿ. ಎರಡೂ ಒಂದೇ ಬಣ್ಣವೋ ಎಂದು ಕೇಳಿ. ಅಲ್ಲವೇ ಅಲ್ಲ ಎನ್ನುತ್ತಾರೆ. ಎರಡನ್ನೂ ಎತ್ತಿ ಪಕ್ಕಪಕ್ಕ ಹಿಡಿಯಿರಿ. ಪ್ಯಾರಿಸ್ಸಿನ ಗೋಬ್ಲಾಂ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞರಿಗೆ, ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲಿನ ಬಣ್ಣ ಸರಿಯಾಗಿಯೇ ಇತ್ತು, ಪಕ್ಕದ ಬಣ್ಣ ಅದನ್ನು ಮಂಕಾಗಿಸುತ್ತಿತ್ತು. 1839ರಲ್ಲಿ ಅವರು ಇದನ್ನು ದೊಡ್ಡ ಗ್ರಂಥವಾಗಿಯೇ ಬರೆದರು. ನಿಮ್ಮ ಮಕ್ಕಳು ಎರಡು ರಟ್ಟಿನ ಚೂರಿನಲ್ಲಿ ಅದೇ ಮಾತನ್ನು ಕಂಡುಕೊಳ್ಳುತ್ತಾರೆ.

ಉತ್ತರ: ನೇತ್ರ ಪರೀಕ್ಷಕಿ, ಶಿವಮೊಗ್ಗ

ಕಾಂಡಕ್ಕೂ ಎಲೆಗೂ ಒಂದೇ ಬಣ್ಣ ಬಳಿಯುವ ಹುಡುಗನ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ನನ್ನ ಮಗನೂ ಹೀಗೆಯೇ, ಅವನಿಗೆ ಬಣ್ಣಗುರುಡು ಇದೆ, ಹಾಗಾಗಿ ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ.

ಹೆಸರು ಗೊತ್ತಿಲ್ಲದಿರುವುದು, ಬಣ್ಣವೇ ಬೇರೆಯಾಗಿ ಕಾಣುವುದು ಎರಡನ್ನೂ ಬೇರ್ಪಡಿಸಿ ನೋಡಿ. ಹೆಸರು ಕೇಳಬೇಡಿ. ಎಲೆಹಸಿರು, ಕಂದು, ಮಂಕು ಕೆಂಪು ಬಣ್ಣದ ಉಲ್ಲನ್ ನೂಲು ಅಥವಾ ಕಾಗದದ ಚೂರುಗಳನ್ನು ಕಲಸಿಟ್ಟು, ಒಂದೇ ಥರದವನ್ನು ಒಟ್ಟಿಗೆ ಹಾಕು ಎನ್ನಿ. ಹೆಸರು ಮಾತ್ರ ಗೊತ್ತಿಲ್ಲದ ಮಗು ಸರಿಯಾಗಿ ವಿಂಗಡಿಸುತ್ತದೆ. ಹಸಿರನ್ನೂ ಕಂದನ್ನೂ ಮತ್ತೆ ಮತ್ತೆ ಒಂದೇ ಗುಂಪಿಗೆ ಹಾಕಿದರೆ ಕೆಂಪು-ಹಸಿರು ಬಣ್ಣಗುರುಡಿನ ಸಾಧ್ಯತೆ ಇದೆ. ತಂದೆತಾಯಿಗೆ ಹೇಳಿ ಕಣ್ಣಿನ ಆಸ್ಪತ್ರೆಗೆ ಕಳುಹಿಸಿ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಫಲಕಗಳನ್ನು ತೋರಿಸಿ ನೋಡುತ್ತಾರೆ, ನೋವಿಲ್ಲದ ಪರೀಕ್ಷೆ. ಇದು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು. ಸಾಮಾನ್ಯವಾಗಿ ತಾಯಿಯ ಕಡೆಯಿಂದ ದಾಟಿ ಬರುತ್ತದೆ, ತಾಯಿಯ ಕಣ್ಣು ಸರಿಯಾಗಿಯೇ ಇರುತ್ತದೆ. ಮನೆಯಲ್ಲಿ ಆ ತಾಯಿಯನ್ನು ಯಾರೂ ದೂರದಂತೆ ಮಾತಾಡುವುದು ನಿಮ್ಮ ಕೈಯಲ್ಲಿದೆ.

ಔಷಧಿಯಿಂದ ವಾಸಿಯಾಗುವುದಲ್ಲ. ಉಳಿದ ಓದಿಗೆ ಅಡ್ಡಿಯೂ ಅಲ್ಲ. ರೈಲು ಚಾಲನೆಯಂಥ ಕೆಲವು ಕೆಲಸಗಳಿಗೆ ಬಣ್ಣ ದೃಷ್ಟಿಯ ಪರೀಕ್ಷೆ ಇರುವುದರಿಂದ ಮೊದಲೇ ತಿಳಿದಿರುವುದು ಒಳ್ಳೆಯದು. ತರಗತಿಯಲ್ಲಿ ಎಲ್ಲರ ಮುಂದೆ ಇದು ಯಾವ ಬಣ್ಣ ಹೇಳು ಎಂದು ಅವನನ್ನು ನಿಲ್ಲಿಸಬೇಡಿ. ಹಸಿರು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆಯಬೇಡಿ. ಬಾಟಲಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬಣ್ಣದ ಹೆಸರು ಅಂಟಿಸಿ. ಸಾಗರದವರು ಹೇಳಿದ ತಿಳಿ-ಗಾಢದ ಸಾಲಿನಲ್ಲಿ ಅವನು ಯಾರಿಗೂ ಕಡಿಮೆಯಿರುವುದಿಲ್ಲ, ಆ ಪಾಠವನ್ನು ಅವನಿಂದಲೇ ಶುರು ಮಾಡಿಸಿ. ನನ್ನ ಮಗ ಪೆನ್ಸಿಲ್ ನೆರಳಿನಲ್ಲಿ ಬರೆಯುವ ಚಿತ್ರಗಳನ್ನು ನೋಡಿದವರು ಬಣ್ಣದ ಮಾತೇ ಎತ್ತುವುದಿಲ್ಲ.

ಪ್ರಶ್ನೆ ಕೇಳಿದವರು: ನಲಿ-ಕಲಿ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ. ಹುಡುಗನ ತಾಯಿ ಶಾಲೆಯ ಬಿಸಿಯೂಟದ ಅಡುಗೆಗೆ ಬರುತ್ತಾರೆ, ಅವರ ಜೊತೆ ಒಬ್ಬರೇ ಇರುವಾಗ ಮಾತಾಡಿದೆ. ಅವರ ಅಣ್ಣನಿಗೂ ಮಾಗಿದ ಟೊಮೆಟೊ, ಕಾಯಿ ಟೊಮೆಟೊ ಬೇರೆ ಬೇರೆಯಾಗಿ ಕಾಣುವುದಿಲ್ಲವಂತೆ. ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಲು ಒಪ್ಪಿದ್ದಾರೆ.

ಸುಣ್ಣದ ತಿಳಿನೀರಿನ ಪ್ರಯೋಗ ಮಾಡಿದೆವು. ಪ್ರಶ್ನೆ ಎತ್ತಿದ ಹುಡುಗಿಯನ್ನೇ ಅರಿಸಿನದ ನೀರು ಹಾಕಲು ಕರೆದಿದ್ದೆ. ಅಕ್ಕಿ ಹಿಟ್ಟಿನ ಬಟ್ಟಲು ಕೆಂಪಾಗದಿದ್ದಾಗ ಅವಳು ನನ್ನ ಮುಖ ನೋಡದೆ ಬಟ್ಟಲನ್ನೇ ನೋಡುತ್ತ ನಿಂತಳು. ಆಮೇಲೆ, "ಹಾಗಾದರೆ ಅವ್ವನ ಸುಣ್ಣದಲ್ಲಿ ಬೇರೆ ಏನೋ ಇದೆ" ಎಂದಳು. ಮರುದಿನ ಮಕ್ಕಳು ಮನೆಯಿಂದ ಬೂದಿ, ಮಜ್ಜಿಗೆ, ಹುಣಸೆ ಹುಳಿ, ಶಾಂಪೂ ಪೊಟ್ಟಣ ಎಲ್ಲ ತಂದು ಅರಿಸಿನದ ಕಾಗದಕ್ಕೆ ಹಚ್ಚಿ ನೋಡಿದರು. ಬೂದಿಯ ನೀರಿಗೆ ಕಾಗದ ಕೆಂಪಾಗಿದ್ದು ಅವರಿಗೆ ಬಹಳ ದೊಡ್ಡ ಸುದ್ದಿ.

ಸಾಗರದ ಸರ್, ಪಟ ಬೀರುವಿನ ಮೇಲಿದೆ. ದಾನಿಗಳು ಬಂದು ಕೇಳಿದರೆ ಚಕ್ರ ತಯಾರಾಗುತ್ತಿದೆ ಎಂದು ಹೇಳುತ್ತೇನೆ. ನಾಳೆ ಎಲೆ ಜೋಡಿಸುವ ಪಾಠ.

ಇನ್ನೊಂದೇ ಪ್ರಶ್ನೆ. ಮೂರನೇ ತರಗತಿಯ ಹುಡುಗನ ಅಕ್ಕ ಎಂಟನೇ ತರಗತಿಯಲ್ಲಿದ್ದಾಳೆ. ಮೊಬೈಲ್ ಪರದೆಯಲ್ಲಿ ಕೆಂಪು, ಹಸಿರು ಸೇರಿದರೆ ಹಳದಿ ಎಂದು ಅವಳು ಹೇಳಿಕೊಟ್ಟಿದ್ದಾಳೆ. ನಮ್ಮ ಟೈಲ್ಸ್ ಮೇಲೆ ಕೆಂಪು, ಹಸಿರು ಸೇರಿದರೆ ಕಂದು. ಇದನ್ನೂ ಈಗಲೇ ಹೇಳಿಕೊಡಬೇಕೇ?

ಉತ್ತರ: ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಮೈಸೂರು

ಅಕ್ಕ ಹೇಳಿದ್ದು ಸರಿ. ಪರದೆಯಲ್ಲಿ ಬೆರೆಯುವುದು ಬೆಳಕು. ಒಂದಕ್ಕೊಂದು ಸೇರಿದಷ್ಟೂ ಹೊಳಪು ಹೆಚ್ಚುತ್ತದೆ. ಟೈಲ್ಸ್ ಮೇಲಿನ ಬಣ್ಣ ಬೆಳಕನ್ನು ನುಂಗುತ್ತದೆ, ಬೆರೆಸಿದಷ್ಟೂ ನುಂಗುವುದು ಹೆಚ್ಚಿ ಮಂಕಾಗುತ್ತದೆ. ಎರಡು ಲೆಕ್ಕ ಬೇರೆ ಬೇರೆ.

ಒಂದರಿಂದ ಮೂರನೇ ತರಗತಿಗೆ ವಿವರಣೆ ಬೇಡ. ಐದನೇ ತರಗತಿಯ ನಂತರ ಸಾಕು. ಆದರೆ ಕೇಳಿದ ಹುಡುಗನಿಗೆ ನೋಡಲು ಏನಾದರೂ ಕೊಡಿ. ಮೊಬೈಲಿನಲ್ಲಿ ಬರೀ ಬಿಳಿ ಪರದೆ ತೆರೆದು, ಬೆರಳ ತುದಿಯಿಂದ ಸಾಸಿವೆಗಿಂತ ಚಿಕ್ಕ ನೀರಿನ ಹನಿ ಇಟ್ಟು, ಓರೆಯಿಂದ ನೋಡಲು ಹೇಳಿ. ಹನಿ ಮಸೂರದಂತೆ ಕೆಲಸ ಮಾಡುತ್ತದೆ, ಬಿಳಿಯೊಳಗೆ ಕೆಂಪು, ಹಸಿರು, ನೀಲಿ ಕಿಡಿಗಳು ಕಾಣುತ್ತವೆ. ಅವನ ಕಣ್ಣಿಗೆ ಕೆಂಪು, ಹಸಿರು ಬೇರೆಯಾಗಿ ಕಾಣದಿದ್ದರೂ ನೀಲಿ ಕಂಡೇ ಕಾಣುತ್ತದೆ, ಉಳಿದದ್ದನ್ನು ಅಕ್ಕ ಪಕ್ಕದಲ್ಲಿ ಕೂತು ಹೇಳಲಿ. ಹನಿ ಚಿಕ್ಕದಿರಲಿ, ಮೊಬೈಲಿನ ಅಂಚಿಗೆ ಹರಿಯುವ ಮೊದಲೇ ಒರೆಸಿಬಿಡಿ.